ಇಸ್ತ್ರಿ ಮಾಡಿಸಿದ ಕಲೆ

ಆ ಭಾನುವಾರ ಸಂಜೆ ಟ್ರಂಕಿನಿಂದ ನಮ್ಮ ಯಜಮಾನರ ಬಿಳಿ ಅಂಗಿ ತೆಗೆದೆ. ಮಗಳ ಮದುವೆಗೆಂದು ಹೊಲಿಸಿದ್ದು. ಮಾರನೆಯ ದಿನ ಮಾರುಕಟ್ಟೆಯ ಕೆಲಸ ಮುಗಿಸಿಕೊಂಡು ತೆರಕಣಾಂಬಿಗೆ ಒಂದು ನಾಮಕರಣಕ್ಕೆ ಹೋಗುವುದಿತ್ತು. ಆ ಅಂಗಿಯೇ ಬೇಕೆಂದು ಬೆಳಗಿನಿಂದ ಹೇಳುತ್ತಿದ್ದರು. ಇಸ್ತ್ರಿ ಬಹಳ ಚೆನ್ನಾಗಿತ್ತು. ತೋಳಿನ ಗೆರೆ ಮುಟ್ಟಿದರೆ ಬೆರಳು ಕೊಯ್ಯುವಂತಿತ್ತು. ಮಡಿಕೆ ಬಿಡಿಸಿದಾಗ, ಜೇಬಿನ ಕೆಳಗಿನಿಂದ ಹೊಟ್ಟೆಯವರೆಗೆ ಇಳಿದಿದ್ದ ಹಳದಿ ಕಲೆ ಕಾಣಿಸಿತು. ಅದೂ ಅಷ್ಟೇ ಚೆನ್ನಾಗಿ ಇಸ್ತ್ರಿಯಾಗಿತ್ತು.

“ಏನ್ರಿ ಇದು?”

ಟೀವಿ ನೋಡುತ್ತಿದ್ದವರು ತಲೆ ತಿರುಗಿಸಲಿಲ್ಲ. “ಅಂಗಿ ಕಣಮ್ಮಿ.”

“ಅಂಗಿ ಅಂತ ನಂಗೂ ಕಾಣ್ತದ. ಅಂಗಿ ಮೇಲೇನು?”

“ಬೀಗ್ರೂಟ.”

ಮದುವೆಯಾದ ಮೇಲೆ ಚಾಮರಾಜನಗರದಲ್ಲಿ ಗಂಡಿನ ಮನೆಯವರು ಬೀಗರ ಊಟ ಹಾಕಿದ್ದರು. ಅಲ್ಲಿ ಇವರು ಕುಂಬಳಕಾಯಿ ಹುಳಿಯನ್ನು ಎದೆಯ ಮೇಲೆ ಸುರಿದುಕೊಂಡು, ಅದರ ಮೇಲೆ ಟವಲ್ಲು ಹೊದ್ದು, ಸಂಜೆಯವರೆಗೂ ಹೊಸ ಬೀಗರ ಜೊತೆ ಮಾತಾಡಿಕೊಂಡು ಇದ್ದು ಬಂದಿದ್ದರು. ಆ ಸೆಕೆಯಲ್ಲೂ ಟವಲ್ಲು ತೆಗೆಯದ್ದನ್ನು ಕಂಡು, ಎಷ್ಟು ಮರ್ಯಾದಸ್ಥರು ಎಂದು ಬೀಗಿತ್ತಿ ನನ್ನ ಹತ್ತಿರವೇ ಹೊಗಳಿದ್ದರು. ಮನೆಗೆ ಬಂದ ಮರ್ಯಾದಸ್ಥರು ನನಗೆ ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ತಾವೇ ಅಂಗಿ ಹಿಡಿದುಕೊಂಡು ಇಸ್ತ್ರಿ ಅಂಗಡಿಗೆ ಹೋದರು. ಒಗೆಯದ ಅಂಗಿಗೆ ಕೆಂಡದ ಇಸ್ತ್ರಿ. ಎಣ್ಣೆಯೂ ಅರಿಸಿನವೂ ನೂಲಿನೊಳಗೆ ಬೆಂದು ಕೂತವು.

“ಕಲೆ ಮೇಲೆ ಯಾರಾದ್ರೂ ಇಸ್ತ್ರಿ ಮಾಡುಸ್ತರಾ?”

“ಬಿಸಿಗ ಓಯ್ತದ ಅಂದ್ಕಂಡಿ.”

“ಓಯ್ತಾ?”

“ಇನ್ನೊಂದ್ ಸಲ ಮಾಡ್ಸಿದ್ರ ಓಗ್ಬೋದೇನ.”

ನಾಳೆಗೆ ಬೇರೆ ಅಂಗಿ ಹಾಕಿಕೊಳ್ಳಿ, ಇದನ್ನು ನಿಧಾನವಾಗಿ ನೋಡುತ್ತೇನೆ ಎಂದೆ. “ನಿದಾನ್ವಾಗೆ ನೋಡು. ಆದ್ರ ಬುಡ್ಬ್ಯಾಡ ಕಣಮ್ಮಿ. ಮಿಕ್ಕವೆಲ್ಲ ಕತ್ ಇಡಿತವ” ಎಂದು ಊಟಕ್ಕೆ ಕುಳಿತರು. ಮುದ್ದೆ, ಸೊಪ್ಪಿನ ಬಸ್ಸಾರು. ಎಂದಿನಂತೆ ಬನಿಯನ್ನಿನ ಮೇಲೆ ಹನಿಸಿಕೊಂಡರು, ಎಂದಿನಂತೆ ಬೆರಳಲ್ಲಿ ಒರೆಸಿ ಅದನ್ನು ಅಗಲ ಮಾಡಿದರು, ಎಂದಿನಂತೆ ನಾನು ಬೈದೆ.

ಮಾರನೆಯ ಬೆಳಿಗ್ಗೆ ಗುಂಡ್ಲುಪೇಟೆಯ ತರಕಾರಿ ಮಾರುಕಟ್ಟೆಯಲ್ಲಿ ಕೇರಳದ ಲಾರಿಗೆ ಬೀನ್ಸ್ ಮೂಟೆ ಹತ್ತಿಸುತ್ತಿದ್ದವರ ಪಕ್ಕ ನಿಂತಿದ್ದರು. ಅವರದು ದಲ್ಲಾಳಿ ಕೆಲಸ. ಎದೆ ಹಿಡಿದುಕೊಂಡು ಮೂಟೆಯ ಮೇಲೆ ಕುಳಿತರಂತೆ. ಎಬ್ಬಿಸಿದರೆ ಏಳಲಿಲ್ಲ.

ಸಾವಿಗೆ ಬಂದವರೆಲ್ಲ ಒಳ್ಳೆಯ ಸಾವು ಎಂದರು. ನರಳಲಿಲ್ಲ, ಯಾರಿಗೂ ತೊಂದರೆ ಕೊಡಲಿಲ್ಲ, ಪುಣ್ಯಾತ್ಮ ಎಂದರು. ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾದ ಹುಡುಗನ ತಾಯಿಯ ಹತ್ತಿರ ಮಾತಾಡುವಂತೆ ನನ್ನ ಹತ್ತಿರ ಮಾತಾಡಿದರು. ಕಾಫಿ ಕುಡಿದರು. ಒಬ್ಬರು ಕುಡಿಯುವಾಗ ಪಂಚೆಯ ಮೇಲೆ ಚೆಲ್ಲಿಕೊಂಡರು. ತಕ್ಷಣ ತಣ್ಣೀರು ಹಾಕಿ ಎನ್ನಲು ಬಾಯಿ ತೆರೆದೆ. ಗಂಡ ಸತ್ತ ದಿನ ಹೆಂಡತಿ ಆಡುವ ಮಾತು ಅದಲ್ಲ ಎಂದು ಮತ್ತೆ ಮುಚ್ಚಿಕೊಂಡೆ.

ಇದನ್ನು ಓದುವವರು ನಮ್ಮ ಯಜಮಾನರಿಗೆ ಊಟ ಮಾಡಲು ಬರುತ್ತಿರಲಿಲ್ಲ ಎಂದುಕೊಳ್ಳಬಾರದು. ಚೆನ್ನಾಗಿಯೇ ಮಾಡುತ್ತಿದ್ದರು. ಅಂಗಿಗೂ ಮಾಡಿಸುತ್ತಿದ್ದರು, ಅಷ್ಟೆ. ತಟ್ಟೆಯಿಂದ ಬಾಯಿಗೆ ಇರುವ ದೂರದಲ್ಲಿ ಯಾವಾಗಲೂ ಏನಾದರೊಂದು ದಾರಿ ತಪ್ಪುತ್ತಿತ್ತು. ಮಾತಾಡುತ್ತ ಉಣ್ಣುವ ಮನುಷ್ಯ. ಮಾತು ಜೋರಾದರೆ ಕೈ ನಿಲ್ಲುತ್ತಿತ್ತು, ನಿಂತ ಕೈ ಓರೆಯಾಗುತ್ತಿತ್ತು. ಈರುಳ್ಳಿ ರೇಟು ಏರಿದ ದಿನ ಎಡಗಡೆ, ಇಳಿದ ದಿನ ಬಲಗಡೆ. ಇಷ್ಟಾದ ಮೇಲೂ ಬಿಳಿ ಅಂಗಿಯೇ ಬೇಕು. ಬೂದು ಬಣ್ಣದ್ದು ಹೊಲಿಸೋಣ ಎಂದರೆ, ಮಾರ್ಕೆಟ್ಟಿನಲ್ಲಿ ಬಿಳಿ ಅಂಗಿ ಹಾಕಿಕೊಂಡವನ ಮಾತಿಗೆ ಬೆಲೆ ಎನ್ನುತ್ತಿದ್ದರು. ಆ ಬೆಲೆಯನ್ನು ಒಗೆಯುವ ಕಲ್ಲಿನ ಮೇಲೆ ಕಾಪಾಡುತ್ತಿದ್ದವಳು ನಾನು.

ಹಾಗಾಗಿ ಹತ್ತನೇ ಕ್ಲಾಸಿನ ಆಚೆಗೆ ನಾನು ಕಲಿತದ್ದೆಲ್ಲ ಅವರ ಎದೆಯ ಮೇಲೆಯೇ. ಬಿದ್ದದ್ದನ್ನು ಉಜ್ಜಬಾರದು, ಚಮಚದಲ್ಲಿ ಕೆರೆದು ಎತ್ತಬೇಕು. ನೀರನ್ನು ಕಲೆಯ ಮುಖಕ್ಕೆ ಹಾಕಿದರೆ ಅದು ಇನ್ನೂ ಒಳಗೆ ಹೋಗುತ್ತದೆ, ಬಟ್ಟೆ ತಿರುಗಿಸಿ ಹಿಂದಿನಿಂದ ಹಾಕಿದರೆ ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಹಾಲು, ಮೊಸರು ಬಿದ್ದರೆ ಬಿಸಿನೀರಿನ ಹತ್ತಿರ ಒಯ್ಯಬಾರದು, ಗಟ್ಟಿಯಾಗಿ ಕೂತುಬಿಡುತ್ತದೆ. ಬೋಂಡದ ಎಣ್ಣೆಗೆ ದೇವರ ಮನೆಯ ವಿಭೂತಿ ಉದುರಿಸಿ ಒಂದು ಹೊತ್ತು ಬಿಟ್ಟರೆ ಅದು ಎಣ್ಣೆ ಕುಡಿಯುತ್ತದೆ. ಇದನ್ನು ಕಂಡ ದಿನ ಅವರು, “ನನ್ ಅಣೆಗಿಂತ ನನ್ ಅಂಗಿಗೇ ಬಕ್ತಿ ಜಾಸ್ತಿ ಆಯ್ತು ಕಣಮ್ಮಿ” ಎಂದಿದ್ದರು. ಇನ್ನು ಅರಿಸಿನ. ಅರಿಸಿನಕ್ಕೆ ಯಾವ ಮದ್ದೂ ಪೂರ್ತಿ ನಾಟುವುದಿಲ್ಲ. ಅದಕ್ಕೆ ಬಿಸಿಲೊಂದೇ. ಅರಿಸಿನ ಬೆಳೆದು ಬೇಯಿಸಿ ಒಣಗಿಸುವ ಸೀಮೆಯಲ್ಲಿ ಹುಟ್ಟಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹರದನಹಳ್ಳಿಯ ನನ್ನ ತವರಿನಲ್ಲಿ ಕಣದ ಕೆಲಸದ ಸೀರೆಗಳನ್ನು ಹಾಗೆಯೇ ಬೇಲಿಗೆ ಹಾಕಿ ಮರೆತುಬಿಡುತ್ತಿದ್ದರು.

ಅವರು ಹೋದ ಮೇಲೆ ನನ್ನ ಸೋಪಿನ ಖರ್ಚು ಕಡಿಮೆಯಾಯಿತು. ಸಮಾಧಾನ ಹೇಳಲು ಬಂದವರಲ್ಲಿ ಯಾರೂ ಈ ಅನುಕೂಲವನ್ನು ಹೇಳಿರಲಿಲ್ಲ. ಬಕೆಟ್ಟಿನಲ್ಲಿ ನನ್ನ ಎರಡು ಸೀರೆ, ಒಂದು ಟವಲ್ಲು. ಒಂದರಲ್ಲೂ ನೋಡುವಂಥದ್ದೇನೂ ಇರುತ್ತಿರಲಿಲ್ಲ. ಟ್ರಂಕಿನಲ್ಲಿದ್ದ ಅಂಗಿಯನ್ನು ಮುಟ್ಟಲು ಆಗಲಿಲ್ಲ. ಬೇಸಿಗೆಯ ಒಳ್ಳೊಳ್ಳೆಯ ಬಿಸಿಲೆಲ್ಲ ಹಾಗೇ ಕಳೆದುಹೋಯಿತು.

ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ನಮ್ಮ ಕಡೆ ಆ ದಿನ ಹಿರಿಯರಿಗೆ ಎಡೆ ಇಡುತ್ತಾರೆ. ಒಳಕೋಣೆಯಲ್ಲಿ ಕಳಸ ಇಟ್ಟು, ಅದರ ಪಕ್ಕದಲ್ಲಿ ತೀರಿಕೊಂಡವರಿಗೆ ಬಟ್ಟೆ, ಮುಂದೆ ಬಾಳೆ ಎಲೆಯಲ್ಲಿ ಅವರು ಇಷ್ಟಪಡುತ್ತಿದ್ದ ಅಡುಗೆ. ಇಲ್ಲಿಯವರೆಗೆ ನಮ್ಮ ಮನೆಯಲ್ಲಿ ಅತ್ತೆ, ಮಾವನಿಗೆ ಇಡುತ್ತಿದ್ದೆವು. ಈ ವರ್ಷ ಇವರೂ ಹಿರಿಯರಾಗಿದ್ದರು. ಅಷ್ಟು ಬೇಗ ಬಡ್ತಿ ಸಿಗುತ್ತದೆಂದು ಅವರೂ ಎಣಿಸಿರಲಿಲ್ಲ.

ಇವರ ಅಣ್ಣ, ಅಂದರೆ ನನ್ನ ಭಾವ, ಪಕ್ಕದ ಮನೆಯಲ್ಲೇ ಇದ್ದಾರೆ. ಎಡೆಯ ಮಾತಾಡಲು ಬಂದು ಜಗಲಿಯಲ್ಲಿ ಕುಳಿತರು. “ಪಂಚೆ, ಅಂಗಿ ಎಲ್ಡೂ ಒಸ್ದು ತಂದ್ಬುಡ್ತಿನಿ ಕಣವ್ವ. ಅಂಗ್ಡಿಲಿ ರೆಡಿಮೇಡ್ ಸಿಕ್ತದ.”

“ರೆಡಿಮೇಡು ಅವರಿಗೆ ಕತ್ತು ಹಿಡೀತದೆ ಭಾವ.”

“ಸತ್ತೋರ್ಗ ಕತ್ ಎಲ್ಲಿ ಇಡಿತದವ್ವ?”

ಹೇಳಿದ ಮೇಲೆ ಅವರೇ ತಲೆ ತಗ್ಗಿಸಿದರು. ಸಾಯುವವರೆಗೂ ಅಂಗಿಯ ಅಳತೆ ಇರುತ್ತದೆ, ಸತ್ತ ಮೇಲೆ ಹಸಿವು ಮಾತ್ರ ಉಳಿಯುತ್ತದೆ ಎಂದು ಯಾರು ತೀರ್ಮಾನಿಸಿದರೋ. ಬಂದು ಉಣ್ಣುತ್ತಾರೆ ಎಂದು ನಂಬಬಹುದಾದರೆ, ಬಂದಾಗ ಕಾಲರು ಕಿರಿಕಿರಿ ಮಾಡುತ್ತದೆ ಎಂದೂ ನಂಬಬೇಕು. ನನಗೆ ಬೇಕಾಗಿದ್ದದ್ದು ಅಷ್ಟೆ. ಬರುವುದಾದರೆ ಅವರು ಕೇಳಿದ ಅಂಗಿ ಅಲ್ಲಿರಬೇಕು. ಕಲೆ ಇದ್ದರೂ ಟ್ರಂಕಿನ ಆ ಬಿಳಿ ಅಂಗಿಯನ್ನೇ ಇಡೋಣ ಎಂದೆ.

ಆಗ ಭಾವನ ಹೆಂಡತಿ ಒಳಗಿನಿಂದ ಬಂದರು. ನಾನು ಅವರನ್ನು ಅಕ್ಕ ಎನ್ನುತ್ತೇನೆ. “ಕಲೆ ಇರ ಬಟ್ಟೆ ಎಡೆಗ ಇಕ್ಕಂಗಿಲ್ಲ ಕಣಮ್ಮಿ. ಮುಟ್ದೆ ವಾಪಸ್ ಒಂಟೋಯ್ತರ” ಎಂದರು.

“ಕಲೆ ತೆಗೆದ್ರೆ?”

ಭಾವ ಯೋಚಿಸಿದರು. “ಅಮಾಸೆ ಒತ್ಗ ಓದ್ರ ಇಕ್ಕು. ಓಗ್ದೆ ಇದ್ರ ಅಂಗ್ಡಿದೆ.”

ಹೀಗೆ ನನಗೂ ಒಂದು ಕುಂಬಳಕಾಯಿ ಹುಳಿಗೂ ಗಡುವು ಬಿತ್ತು.

ಮಗಳು ಚಾಮರಾಜನಗರದಿಂದ ಫೋನಿಗೆ ವಿಡಿಯೋಗಳನ್ನು ಕಳಿಸಿದಳು. ಒಂದರಲ್ಲಿ, ಉಗುರಿಗೆ ಬಣ್ಣ ಹಚ್ಚಿಕೊಂಡ ಹೆಂಗಸೊಬ್ಬಳು ಒಂದು ಪಾತ್ರೆಯೂ ಕಾಣದ ಅಡುಗೆಮನೆಯಲ್ಲಿ ನಿಂತು, ಆಗಷ್ಟೇ ತಾನೇ ಹಚ್ಚಿದ ಕಲೆಯನ್ನು ನಗುನಗುತ್ತ ತೆಗೆದಳು. ಇಸ್ತ್ರಿ ಮಾಡಿಸಿ ಟ್ರಂಕಿನಲ್ಲಿಟ್ಟ ಕಲೆಯ ಬಗ್ಗೆ ಅವಳು ಏನೂ ಹೇಳಲಿಲ್ಲ. ಅವಳಿಗೆ ಅಂಥ ಗಂಡ ಇದ್ದಿರಲಾರ. ಅವಳು ಹೇಳಿದಂತೆ ಅಡುಗೆ ಸೋಡಾ ಹಾಕಿ ಮೇಲೆ ವಿನೆಗರ್ ಬಿಟ್ಟೆ. ಸೋಡಾ ಉಕ್ಕಿತು. ಕಲೆ ಅದನ್ನು ನೋಡಿಕೊಂಡು ಸುಮ್ಮನಿತ್ತು. ಇನ್ನೊಬ್ಬ ಹಲ್ಲುಜ್ಜುವ ಪೇಸ್ಟು ಹಚ್ಚಲು ಹೇಳಿದ. ಕಲೆಗೆ ಒಳ್ಳೆಯ ವಾಸನೆ ಬಂತು.

ಕೊನೆಗೆ ನನಗೆ ಗೊತ್ತಿದ್ದನ್ನೇ ಮಾಡಿದೆ. ಮೊದಲು ಎಣ್ಣೆ ಹೋಗಬೇಕು, ಅದು ಹೋಗದೆ ಅರಿಸಿನ ಬಿಡುವುದಿಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರನ್ನು ಹನಿಹನಿಯಾಗಿ ಹಿಂದಿನಿಂದ ಬಿಟ್ಟು, ಬೆರಳ ತುದಿಯಲ್ಲಿ ಒತ್ತಿ, ಉಗುರುಬೆಚ್ಚಗಿನ ನೀರಿನಲ್ಲಿ ಜಾಲಿಸಿದೆ. ಮತ್ತೆ ಬಿಟ್ಟೆ, ಮತ್ತೆ ಜಾಲಿಸಿದೆ. ಕೆಲವು ದಿನಕ್ಕೆ ಜಿಡ್ಡಿನ ಅಂಚು ಕರಗಿತು. ಉಳಿದದ್ದು ಬರೀ ಹಳದಿ. ನೆನೆಹಾಕಿ ಅಂಗಡಿಗೆ ಹೋದೆ.

ಬರುವಷ್ಟರಲ್ಲಿ ಅಕ್ಕ ಹಿತ್ತಲಲ್ಲಿ ನಿಂತು ಭಾವನನ್ನು ಕೂಗುತ್ತಿದ್ದರು. ಕೈಯಲ್ಲಿ ಅಂಗಿ. ನನಗೆ ಸಹಾಯವಾಗಲೆಂದು ಬಟ್ಟೆ ಸೋಪು ಬಳಿದು ತಿಕ್ಕಿದ್ದರು. ಹಳದಿ ಇದ್ದ ಜಾಗವೆಲ್ಲ ಕೆಂಪಗೆ, ಎದೆಯಿಂದ ರಕ್ತ ಸೋರಿದಂತೆ ಇತ್ತು.

“ನೋಡ್ರಿ, ಅಂವುಂಗ ಇಷ್ಟ ಇಲ್ಲ. ಎದೆ ನೋವ್ ಬಂದ್ ಜಾಗ್ದಲ್ಲೇ ತೋರ್ಸವ್ನ” ಎಂದರು ಅಕ್ಕ.

ಭಾವ ವಿಭೂತಿ ತರಲು ಹೊರಟರು. ಅರಿಸಿನಕ್ಕೆ ಬಟ್ಟೆ ಸೋಪು ತಾಗಿದರೆ ಕೆಂಪಾಗುತ್ತದೆ ಎಂಬುದು ಈ ಇಬ್ಬರಿಗೂ ಗೊತ್ತಿತ್ತು. ಅಕ್ಕನ ಮನೆಯಲ್ಲೇ ವರ್ಷಾನುಗಟ್ಟಲೆ ಅರಿಸಿನ ಬೆಳೆದಿದ್ದಾರೆ. ಒಣಗಿಸುವ ಕಾಲದಲ್ಲಿ ಅವರು ಕೈ ತೊಳೆದ ಬಚ್ಚಲಿನ ನೀರು ಕೆಂಪಾಗುತ್ತಿದ್ದದ್ದನ್ನು ನಾನೇ ಕಂಡಿದ್ದೇನೆ. ಆದರೆ ಸತ್ತವರ ಅಂಗಿ ಎಂದಮೇಲೆ ಸೋಪು ಸೋಪಾಗಿ ಉಳಿಯುವುದಿಲ್ಲ. ಬದುಕಿದ್ದಾಗ ಒಂದು ಮಾತನ್ನೂ ನೇರವಾಗಿ ಹೇಳದೆ ಟವಲ್ಲು ಹೊದ್ದು ಮುಚ್ಚುತ್ತಿದ್ದ ಮನುಷ್ಯ, ಈಗ ಬಂದು ಬಣ್ಣದಲ್ಲಿ ಬರೆದು ತಿಳಿಸುತ್ತಾರೆಂದು ನನಗೆ ಅನ್ನಿಸಲಿಲ್ಲ. ನಿಂಬೆಹಣ್ಣು ಹೆಚ್ಚಿ ಹಿಂಡಿದೆ. ಕೆಂಪು ಮತ್ತೆ ಹಳದಿಯಾಯಿತು.

“ನೋಡಿ ಅಕ್ಕ, ಒಪ್ಕಂಡ್ರು” ಎಂದೆ.

ಅಕ್ಕ ನನ್ನ ಮುಖ ನೋಡಿದರು. “ನಿಂಗ ಬಾಯ್ ಜಾಸ್ತಿ ಆಯ್ತು ಕಣಮ್ಮಿ” ಎಂದು ಕೈ ತೊಳೆದುಕೊಂಡರು. ಆಮೇಲೆ ಅಲ್ಲೇ ಬಟ್ಟೆ ಕಲ್ಲಿನ ಮೇಲೆ ಕುಳಿತು ಅತ್ತರು. ಮೈದುನನಿಗೆ ಅನ್ನ ಕಲಸಿ ಉಣ್ಣಿಸಿ ಬೆಳೆಸಿದವರು ಅವರು. ನಮ್ಮ ಯಜಮಾನರು ಚೆಲ್ಲುವುದನ್ನು ಎಲ್ಲಿ ಕಲಿತರು ಎಂದು ಅಕ್ಕನನ್ನು ಕೇಳಬೇಕೆಂದಿದ್ದೆ. ಆಗ ಕೇಳಲಿಲ್ಲ.

ಇನ್ನು ಬೇಕಾಗಿದ್ದದ್ದು ಬಿಸಿಲು. ಗುಂಡ್ಲುಪೇಟೆಗೆ ಆ ವಾರ ಬಿಸಿಲು ಬರಲಿಲ್ಲ. ಕೇರಳದ ಕಡೆಯಿಂದ ಮೋಡ ಬರುತ್ತದೆ, ನಮ್ಮ ತರಕಾರಿ ಅತ್ತ ಹೋಗುತ್ತದೆ. ಈ ವ್ಯಾಪಾರದಲ್ಲಿ ಲಾಭ ಯಾರಿಗೋ. ಹಗ್ಗದ ಮೇಲೆ ಅಂಗಿ ಹಸಿಯಾಗಿಯೇ ತೂಗುತ್ತಿತ್ತು. ಮಗಳಿಗೆ ಫೋನು ಮಾಡಿದರೆ, “ಇಲ್ಲಿ ಸುಡ್ತಾ ಇದೆ ಕಣಮ್ಮ” ಎಂದಳು. ಅಂಗಿಯನ್ನು ಹಿಂಡಿ ಕವರಿಗೆ ಹಾಕಿಕೊಂಡು ಚಾಮರಾಜನಗರದ ಬಸ್ಸು ಹತ್ತಿದೆ.

ತೆರಕಣಾಂಬಿ ದಾಟಿದ ಮೇಲೆ ಮೋಡ ಹರಿದು ಬಿಸಿಲು ಬಿತ್ತು. ಸುಮ್ಮನೆ ಯಾಕೆ ಹಾಳು ಮಾಡಬೇಕೆಂದು ಅಂಗಿ ತೆಗೆದು, ಎರಡು ತೋಳನ್ನೂ ಬಿಗಿಯಾಗಿ ಹಿಡಿದು, ಕಿಟಕಿಯ ಸರಳಿಗೆ ಒತ್ತಿ ಹರಡಿದೆ. ಹಿಂದಿನ ಸೀಟಿನವರು ಮೂತಿ ತಿರುಗಿಸಿದರು. ಕಂಡಕ್ಟರ್ ಬಂದ.

“ಏನಮ್ಮ, ಬಾವುಟ ಆರಸ್ಕಂಡ್ ಕೂತಿದ್ದರಿ?”

“ಒಣಗ್ಲಿ ಅಂತ.”

ಆಧಾರ್ ಕಾರ್ಡ್ ತೋರಿಸಿದೆ. ಚೀಟಿ ಹರಿದು ಕೊಟ್ಟು, “ಎಂಗುಸ್ರಿಗ ಪ್ರೀ. ಇದು ಗಂಡುಸ್ರ ಅಂಗಿ, ಇದ್ಕ ಟಿಕೆಟ್ ತಗಬೇಕಾಯ್ತದ” ಎಂದ. ಬಸ್ಸಿನಲ್ಲಿ ನಗು ಎದ್ದಿತು. “ಎಲ್ಲಿ ಯಜಮಾನ್ರು? ಅಂಗಿ ಬುಚ್ಕೊಟ್ಬುಟ್ಟು ಎಲ್ಲಿಗೋದ್ರು?”

“ಮುಂದಕ್ಕೆ ಹೋಗವ್ರೆ” ಎಂದೆ.

ಅವನು ನಗುತ್ತ ಮುಂದಿನ ಬಾಗಿಲಿನ ಕಡೆ ಕತ್ತು ಚಾಚಿ ನೋಡಿದ. ಬನಿಯನ್ನಿನಲ್ಲಿ ನಿಂತಿರುವ ಗಂಡಸೊಬ್ಬನನ್ನು ಹುಡುಕಿದನೋ ಏನೋ. ಅವನನ್ನು ನೋಡಿ ನಾನೂ ಆ ಕಡೆ ನೋಡಿದೆ.

ಮಗಳ ಮನೆಯ ತಾರಸಿಯಲ್ಲಿ ಬಿಸಿಲಿಗೆ ಕೊರತೆ ಇರಲಿಲ್ಲ. ಅಂಗಿಯನ್ನು ಒಳಮುಖ ಮಾಡಿ ಹಗ್ಗಕ್ಕೆ ಹಾಕಿ, ಒಣಗುತ್ತಿದ್ದಂತೆ ಕಲೆಯ ಜಾಗಕ್ಕೆ ನೀರು ಚಿಮುಕಿಸುತ್ತ ಕುಳಿತೆ. ಹಸಿ ಇದ್ದಾಗಲೇ ಬಿಸಿಲು ಅರಿಸಿನವನ್ನು ಚೆನ್ನಾಗಿ ತಿನ್ನುತ್ತದೆ. ಮಗಳು ನೆರಳಿಗೆ ಬಾ ಎಂದು ಕರೆದು ಸಾಕಾಗಿ ತಾನೂ ಬಂದು ಪಕ್ಕದಲ್ಲಿ ಕುಳಿತಳು.

“ಅಪ್ಪ ಇದ್ದಿದ್ರೆ ಇಷ್ಟೊತ್ತಿಗೆ ಇನ್ನೊಂದ್ ಅಂಗಿ ರೆಡಿ ಮಾಡಿರೋರು” ಎಂದಳು.

“ಹೂಂ. ಇಸ್ತ್ರಿನೂ ಮಾಡ್ಸಿರೋರು.”

ಅವಳು ನಕ್ಕಳು. ಅಪ್ಪ ಹೋದ ಮೇಲೆ ನನ್ನ ಮುಂದೆ ಅವಳು ನಗುವುದನ್ನು ಬಿಟ್ಟಿದ್ದಳು, ತಪ್ಪು ತಿಳಿದೇನೆಂದು. ಎರಡು ದಿನ ಅಲ್ಲೇ ಉಳಿದೆ. ಹಳದಿ ಮೊದಲು ಬಿಸ್ಕತ್ತಿನ ಬಣ್ಣಕ್ಕೆ ಇಳಿಯಿತು, ಆಮೇಲೆ ಅನ್ನದ ಗಂಜಿಯ ಬಣ್ಣಕ್ಕೆ, ಆಮೇಲೆ ನನಗೊಬ್ಬಳಿಗೇ ಕಾಣುವ ಬಣ್ಣಕ್ಕೆ. “ಇಲ್ಲಿ ಏನೂ ಇಲ್ಲ ಕಣಮ್ಮ, ಸಾಕು ಬಿಡು” ಎಂದು ಮಗಳು ಅಂಗಿಯನ್ನು ಹಗ್ಗದಿಂದ ಎಳೆದುಕೊಂಡಳು. ನಾನು ಅದನ್ನು ಕಸಿದುಕೊಂಡು ಮತ್ತೆ ಹಾಕಿದೆ. ಸಂಜೆಯ ಹೊತ್ತಿಗೆ ನನಗೂ ಕಾಣಲಿಲ್ಲ.

ಅಮಾವಾಸ್ಯೆಯ ದಿನ ಅಂಗಿಯನ್ನು ಭಾವ ಬೆಳಕಿಗೆ ಹಿಡಿದು, ಅಕ್ಕ ಕಣ್ಣಿನ ಹತ್ತಿರ ಹಿಡಿದು ಪರೀಕ್ಷೆ ಮಾಡಿದರು. ಪಾಸಾಯಿತು. ಅಡುಗೆಗೆ ಒಬ್ಬಟ್ಟು, ಪಾಯಸ, ಮುದ್ದೆ, ಅನ್ನ, ಬಸ್ಸಾರು ಮಾಡಿದ್ದೆವು. ಜೊತೆಗೆ ನಾನು ಕುಂಬಳಕಾಯಿ ಹುಳಿಯನ್ನೂ ಮಾಡಿದ್ದೆ, ಅರಿಸಿನ ಒಂದು ಚಿಟಿಕೆ ಜಾಸ್ತಿಯೇ ಹಾಕಿ. ಕಳಸದ ಪಕ್ಕ ಪಂಚೆ, ಅದರ ಮೇಲೆ ಅಂಗಿ ಇಟ್ಟು, ಎಲೆಯನ್ನು ಅದಕ್ಕೆ ತಾಗಿಸಿದಂತೆ ಹಾಕಿದೆ.

“ವಸಿ ದೂರ ಇಕ್ಕಮ್ಮಿ. ಚೆಲ್ಗಿಲ್ದಾತು” ಎಂದರು ಅಕ್ಕ.

“ಚೆಲ್ಲಲಿ ಬಿಡಿ.”

ಭಾವ ಧೂಪ ಹಾಕಿದರು. ಮಗಳು, ಅಳಿಯ ಅಡ್ಡಬಿದ್ದರು. ಆಮೇಲೆ ಎಲ್ಲರೂ ಹೊರಗೆ ಬಂದು ಒಳಕೋಣೆಯ ಬಾಗಿಲು ಮುಚ್ಚಿದೆವು. ಹಿರಿಯರು ಬಂದು ಉಣ್ಣುವಾಗ ಯಾರೂ ನೋಡಬಾರದು, ಅವರಿಗೆ ಸಂಕೋಚವಾಗುತ್ತದೆ ಎಂದು ನಮ್ಮಲ್ಲಿ ಹಾಗೆ ಮಾಡುತ್ತಾರೆ. ನಮ್ಮ ಯಜಮಾನರಿಗೆ ಆ ಸಂಕೋಚ ಯಾವ ಕಾಲದಲ್ಲೂ ಇರಲಿಲ್ಲ. ಅವರಿಗೆ ಉಣ್ಣುವಾಗ ಮಾತಿಗೆ ಜನ ಬೇಕು. ಒಳಗೆ ಅತ್ತೆ, ಮಾವ ಇರುತ್ತಾರಲ್ಲ ಎಂದುಕೊಂಡೆ. ತಾಯಿಯ ಎದುರಿಗೆ ಕುಳಿತರೆ ಮಾತು ಇನ್ನೂ ಜಾಸ್ತಿ. ಮಾತು ಜಾಸ್ತಿಯಾದರೆ ಕೈ ಓರೆಯಾಗುವುದು ಖಂಡಿತ.

ಜಗಲಿಯಲ್ಲಿ ಕುಳಿತಿದ್ದಾಗ ಭಾವ ಅಳಿಯನಿಗೆ ಬೀನ್ಸ್ ರೇಟು ಹೇಳುತ್ತಿದ್ದರು. ಯಾರಿಗೂ ಅವಸರ ಇರಲಿಲ್ಲ. ನನಗೆ ಕುಳಿತಲ್ಲಿ ಕೂರಲು ಆಗುತ್ತಿರಲಿಲ್ಲ. ಇಂಥದ್ದನ್ನೆಲ್ಲ ನಾನು ಅಷ್ಟಾಗಿ ನಂಬಿದವಳಲ್ಲ. ಆ ಹೊತ್ತಿನಲ್ಲಿ ಮಾತ್ರ ಮುಚ್ಚಿದ ಬಾಗಿಲಿನ ಆಚೆ ಒಂದು ಸದ್ದಿಗೆ ಕಿವಿಕೊಟ್ಟು ಕುಳಿತಿದ್ದೆ. ಎಲೆಯ ಸದ್ದು, ಲೋಟದ ಸದ್ದು, ಏನಾದರೂ.

ಭಾವ ಎದ್ದು ಕೆಮ್ಮಿ, ಬಾಗಿಲನ್ನು ಮೆಲ್ಲಗೆ ತಟ್ಟಿ, ತೆರೆದರು. ಧೂಪದ ಹೊಗೆ ಇನ್ನೂ ಇತ್ತು. ಎಲೆಯ ಮುಂದೆ ಬಗ್ಗಿ ಅನ್ನದ ಗುಡ್ಡೆಯನ್ನು ತೋರಿಸಿದರು. ಒಂದು ಪಕ್ಕ ಕುಸಿದಿತ್ತು.

“ನೋಡವ್ವ. ಬಂದು ಉಂಡವ್ನ” ಎಂದರು.

ಬಿಸಿ ಅನ್ನ ಆರಿದರೆ ಕುಸಿಯುತ್ತದೆ. ಅಂಗಿಯನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಬಂದು ಮಡಿಕೆ ಬಿಡಿಸಿದೆ. ಕಾಲರು, ಜೇಬು, ಗುಂಡಿಪಟ್ಟಿ, ಹೊಟ್ಟೆಯ ಭಾಗ, ತೋಳಿನ ತುದಿ, ಎಲ್ಲ ಕಡೆ ನೋಡಿದೆ.

ಎಲ್ಲೂ ಒಂದು ಹನಿ ಬಿದ್ದಿರಲಿಲ್ಲ.